ಮಿದುಳಿನ ತೊಗಟೆ ರೂಪುಗೊಳ್ಳುವ ಬಗೆ: ಪಾಷ್ಕೊ ರಾಕಿಚ್ ಅವರ ಸಂಶೋಧನೆಗಳು

ಮನುಷ್ಯನ ಮಿದುಳಿನ ಹೊರಮೈಯನ್ನು ಆವರಿಸಿರುವ ಬೂದುಬಣ್ಣದ ತೆಳುವಾದ ಪದರಕ್ಕೆ ಕಾರ್ಟೆಕ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯ ಈ ಪದಕ್ಕೆ ಮರದ ತೊಗಟೆ ಎಂದರ್ಥ. ಕನ್ನಡದಲ್ಲಿಯೂ ಇದನ್ನು ಮಿದುಳಿನ ತೊಗಟೆ ಎನ್ನಬಹುದು. ಇದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್ ಮಾತ್ರ. ಮಡಿಕೆಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 2,000 ಚದರ ಸೆಂಟಿಮೀಟರ್, ಅಂದರೆ ಒಂದು ದೊಡ್ಡ ಕರವಸ್ತ್ರದಷ್ಟು ವಿಸ್ತಾರ. ಅಷ್ಟರೊಳಗೆ ಸುಮಾರು 1,600 ಕೋಟಿ ನರಕೋಶಗಳಿವೆ. ಕಂಡದ್ದನ್ನು ಗುರುತಿಸುವುದು, ಕೇಳಿದ್ದಕ್ಕೆ ಅರ್ಥ ಹಚ್ಚುವುದು, ಮಾತನಾಡುವುದು, ನಾಳಿನ ಕೆಲಸವನ್ನು ಇಂದೇ ಯೋಚಿಸುವುದು ಇವೆಲ್ಲವೂ ಈ ಪದರವನ್ನು ನೆಚ್ಚಿಕೊಂಡಿವೆ.

ಅಚ್ಚರಿಯ ಸಂಗತಿಯೆಂದರೆ, ಈ ನರಕೋಶಗಳಲ್ಲಿ ಬಹುತೇಕ ಯಾವುದೂ ತಾನೀಗ ಇರುವ ಸ್ಥಳದಲ್ಲಿ ಹುಟ್ಟಿದ್ದಲ್ಲ. ತಾಯಿಯ ಗರ್ಭದಲ್ಲಿ ಭ್ರೂಣದ ಮಿದುಳು ಇನ್ನೂ ಟೊಳ್ಳು ಕೊಳವೆಯಂತಿರುವಾಗ, ಅದರ ಒಳಗೋಡೆಯ ಅಂಚಿನಲ್ಲಿ ಕೋಶಗಳು ವಿಭಜನೆಗೊಂಡು ಹುಟ್ಟುತ್ತವೆ. ಅಲ್ಲಿಂದ ಹೊರಮೈಯತ್ತ ಪಯಣಿಸಿ ತಮ್ಮ ತಮ್ಮ ನೆಲೆಯನ್ನು ಸೇರುತ್ತವೆ. ಈ ಪಯಣ ಹೇಗೆ ನಡೆಯುತ್ತದೆ, ಯಾವ ಕೋಶ ಎಲ್ಲಿ ನೆಲೆಸಬೇಕೆಂಬುದು ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಧ್ಯಯನ ಮಾಡಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನರವಿಜ್ಞಾನಿ ಪಾಷ್ಕೊ ರಾಕಿಚ್. ಗರ್ಭಿಣಿಯರ ಆರೈಕೆ, ಮಕ್ಕಳ ಅಪಸ್ಮಾರ, ಗರ್ಭಾವಸ್ಥೆಯ ಸೋಂಕುಗಳು ಮೊದಲಾದ ವಿಷಯಗಳನ್ನು ವೈದ್ಯರು ಇಂದು ಚರ್ಚಿಸುವಾಗ ಬಳಕೆಯಾಗುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಈ ಅಧ್ಯಯನದಿಂದ ಬಂದುದಾಗಿದೆ.

ಬೆಲ್‌ಗ್ರೇಡಿನ ಶಸ್ತ್ರವೈದ್ಯ

ರಾಕಿಚ್ ಜನಿಸಿದ್ದು 1933ರ ಮೇ 15ರಂದು, ರೂಮಾ ಎಂಬ ಸಣ್ಣ ಪಟ್ಟಣದಲ್ಲಿ. ಆಗ ಅದು ಯುಗೊಸ್ಲಾವಿಯಾದಲ್ಲಿತ್ತು, ಇಂದು ಸರ್ಬಿಯಾದಲ್ಲಿದೆ. ಊರು ಕದಲದಿದ್ದರೂ ದೇಶದ ಹೆಸರು ಬದಲಾಗುವ ಅನುಭವ ಈ ಪುಟದ ಓದುಗರಿಗೆ ಅಪರಿಚಿತವಲ್ಲ. ಬೆಲ್‌ಗ್ರೇಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಪಡೆದು ಅವರು ನರಶಸ್ತ್ರವೈದ್ಯರಾಗಿ ತರಬೇತಿಗೆ ಸೇರಿದರು. 1962ರಲ್ಲಿ ಹಾರ್ವರ್ಡಿಗೆ ಹೋಗಿ ಪಾಲ್ ಯಾಕೊವ್ಲೆವ್ ಅವರ ಬಳಿ ಮಾನವ ಮಿದುಳಿನ ಬೆಳವಣಿಗೆಯನ್ನು ನೋಡಿದ ಮೇಲೆ ಶಸ್ತ್ರಚಿಕಿತ್ಸೆಯ ದಾರಿ ಬಿಟ್ಟುಹೋಯಿತು. ಬೆಲ್‌ಗ್ರೇಡಿಗೆ ಮರಳಿ, 1969ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಹಾರ್ವರ್ಡಿನಲ್ಲಿ ಅಧ್ಯಾಪಕರಾದರು. 1970ರ ದಶಕದ ಕೊನೆಯಲ್ಲಿ ಯೇಲ್‌ಗೆ ಬಂದು ಅಲ್ಲಿ ನರಜೀವವಿಜ್ಞಾನ ವಿಭಾಗವನ್ನು ಕಟ್ಟಿ ದೀರ್ಘಕಾಲ ಮುನ್ನಡೆಸಿದರು.

ಕೋಶದ ಜನ್ಮದಿನ

ಒಂದು ನರಕೋಶ ಯಾವ ದಿನ ಹುಟ್ಟಿತೆಂದು ತಿಳಿಯುವುದು ಹೇಗೆ? ಅದಕ್ಕೆ ದೊರೆತ ಉಪಾಯ ಸರಳವೂ ಜಾಣತನದ್ದೂ ಆಗಿತ್ತು. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಆ ನಕಲಿಗೆ ಥೈಮಿಡಿನ್ ಎಂಬ ವಸ್ತು ಬೇಕು. ವಿಕಿರಣ ಸೂಸುವ ಜಲಜನಕವಾದ ಟ್ರಿಟಿಯಂ ಬೆರೆಸಿದ ಥೈಮಿಡಿನ್ನನ್ನು ಗರ್ಭಿಣಿ ಪ್ರಾಣಿಗೆ ಚುಚ್ಚುಮದ್ದಾಗಿ ಕೊಟ್ಟರೆ, ಆ ದಿನ ವಿಭಜನೆಗೊಳ್ಳುತ್ತಿರುವ ಭ್ರೂಣದ ಕೋಶಗಳು ಅದನ್ನು ಹೀರಿಕೊಳ್ಳುತ್ತವೆ. ಅನಂತರವೂ ವಿಭಜನೆಯಾಗುತ್ತಲೇ ಹೋಗುವ ಕೋಶಗಳಲ್ಲಿ ಗುರುತು ತೆಳುವಾಗಿ ಅಳಿಸಿಹೋಗುತ್ತದೆ. ಆದರೆ ಅಂದಿನದೇ ಕೊನೆಯ ವಿಭಜನೆಯಾಗಿದ್ದರೆ ಗುರುತು ಆ ನರಕೋಶದಲ್ಲಿ ಜೀವಮಾನವಿಡೀ ಉಳಿಯುತ್ತದೆ. ಮುಂದೆಂದಾದರೂ ಆ ಮಿದುಳನ್ನು ತೆಳುವಾಗಿ ಸೀಳಿ, ಛಾಯಾಚಿತ್ರಕ್ಕೆ ಬಳಸುವ ಲೇಪವನ್ನು ಹಚ್ಚಿ ವಾರಗಟ್ಟಲೆ ಕತ್ತಲಲ್ಲಿಟ್ಟರೆ, ಗುರುತಿರುವ ಕೋಶಗಳ ಮೇಲೆ ಬೆಳ್ಳಿಯ ಕಪ್ಪು ಕಣಗಳು ಮೂಡುತ್ತವೆ.

ಹಾರ್ವರ್ಡಿನ ರಿಚರ್ಡ್ ಸಿಡ್ಮನ್ ಮತ್ತು ಜೇ ಆಂಜೆವೈನ್ ಈ ವಿಧಾನವನ್ನು ಇಲಿಗಳಲ್ಲಿ ಬಳಸಿ 1961ರಲ್ಲೇ ಒಂದು ವಿಚಿತ್ರ ಕ್ರಮವನ್ನು ಕಂಡುಕೊಂಡಿದ್ದರು. ತೊಗಟೆಯ ಪದರಗಳಲ್ಲಿ ಮೊದಲು ಹುಟ್ಟಿದ ಕೋಶಗಳು ಕೆಳಗಿನ ಪದರದಲ್ಲಿ ನೆಲೆಸುತ್ತವೆ. ತಡವಾಗಿ ಹುಟ್ಟಿದವು ಮೊದಲಿನವುಗಳನ್ನು ದಾಟಿಕೊಂಡು ಮೇಲಿನ ಪದರಕ್ಕೆ ಹೋಗುತ್ತವೆ. ಕೆಳಮಹಡಿಯವರು ಒಕ್ಕಲಾದ ಮೇಲೆ, ಅವರ ಅಂಗಳದ ಮೂಲಕವೇ ಹಾದು ಹೊಸಬರು ಮೇಲ್ಮಹಡಿ ಸೇರಿದ ಹಾಗೆ.

ರಾಕಿಚ್ ಈ ಕೆಲಸವನ್ನು ಮನುಷ್ಯನಿಗೆ ಹೆಚ್ಚು ಹತ್ತಿರವಾದ ರೀಸಸ್ ಕೋತಿಗಳಿಗೆ ವಿಸ್ತರಿಸಿದರು. ಕೋತಿಯ ಗರ್ಭಾವಧಿ ಸುಮಾರು 165 ದಿನ. ಬೇರೆ ಬೇರೆ ದಿನ ಚುಚ್ಚುಮದ್ದು ಕೊಟ್ಟು ಅವರು 1974ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ದೃಷ್ಟಿಗೆ ಸಂಬಂಧಿಸಿದ ತೊಗಟೆಯ ನರಕೋಶಗಳು ಗರ್ಭದ ಸುಮಾರು 45ನೇ ದಿನದಿಂದ ಹುಟ್ಟತೊಡಗಿ ಸುಮಾರು 100ನೇ ದಿನಕ್ಕೆಲ್ಲ ಮುಗಿಯುತ್ತವೆ. ಎಂದರೆ ಮರಿ ಹೊರಬರುವುದಕ್ಕೆ ಎರಡು ತಿಂಗಳು ಮೊದಲೇ ಆ ಭಾಗದ ನರಕೋಶಗಳ ಲೆಕ್ಕ ಪೂರ್ತಿಯಾಗಿರುತ್ತದೆ. ಯಾವ ದಿನ ಹುಟ್ಟಿತು ಎಂಬುದರ ಮೇಲೆ ಯಾವ ಪದರ ಎಂಬುದು ನಿಂತಿದೆ. ಮನುಷ್ಯರಲ್ಲಿ ಇದೇ ಕ್ರಮ ಗರ್ಭದ ಎರಡನೆಯ ತಿಂಗಳಲ್ಲಿ ಆರಂಭವಾಗಿ ಆರನೆಯ ತಿಂಗಳ ಹೊತ್ತಿಗೆ ಬಹುಪಾಲು ಮುಗಿಯುತ್ತದೆ.

ವಿಕಿರಣದ ಗುರುತು ಹೊತ್ತ ಆ ಗಾಜಿನ ಪಟ್ಟಿಗಳನ್ನು ಯೇಲ್‌ನಲ್ಲಿ ಸಂರಕ್ಷಿಸಿಡಲಾಗಿದ್ದು, ಇತರ ಸಂಶೋಧಕರೂ ಅವುಗಳನ್ನು ಬಳಸುತ್ತಾರೆ. ಅಷ್ಟೊಂದು ಕೋತಿಗಳ ಮೇಲಿನ ಅಂತಹ ಪ್ರಯೋಗಗಳು ಇಂದಿನ ನಿಯಮಗಳ ಕಾಲದಲ್ಲಿ ಮರುಕಳಿಸುವ ಸಂಭವ ಕಡಿಮೆ. ಮರುಕಳಿಸದಿದ್ದರೆ ಒಳ್ಳೆಯದೇ, ಇರುವುದನ್ನೇ ಮತ್ತೆ ಮತ್ತೆ ನೋಡುವುದು ನ್ಯಾಯ.

ಕೋಶಗಳು ಏರುವ ಎಳೆ

ಹುಟ್ಟಿದ ಜಾಗದಿಂದ ನೆಲೆಯವರೆಗಿನ ದೂರ ನಮ್ಮ ಅಳತೆಯಲ್ಲಿ ಕೆಲವೇ ಮಿಲಿಮೀಟರ್. ಆದರೆ ಕೋಶದ ಒಡಲು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಅದರ ಪಾಲಿಗೆ ಅದು ತನ್ನ ಉದ್ದದ ನೂರಾರು ಪಟ್ಟು ದೂರ. ದಾರಿಯಾದರೂ ಖಾಲಿಯಲ್ಲ, ಸುತ್ತ ಲಕ್ಷಾಂತರ ಕೋಶಗಳು, ಎಳೆಗಳು ಒತ್ತೊತ್ತಾಗಿ ತುಂಬಿರುತ್ತವೆ.

ಭ್ರೂಣದ ಮಿದುಳಿನ ಒಳಗೋಡೆಯಿಂದ ಹೊರಮೈವರೆಗೆ ಚಾಚಿರುವ ನೀಳವಾದ ಕೋಶಗಳನ್ನು 19ನೆಯ ಶತಮಾನದ ಕೊನೆಯಲ್ಲೇ ವಿಜ್ಞಾನಿಗಳು ಕಂಡಿದ್ದರು. ಅವು ಏಕಿವೆ ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ. 1971 ಮತ್ತು 1972ರಲ್ಲಿ ರಾಕಿಚ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿಯಲ್ಲಿ ಕೋತಿಯ ಭ್ರೂಣದ ಮಿದುಳಿನ ಸಾಲು ಸಾಲು ಸೀಳುಗಳನ್ನು ಒಂದರ ಮೇಲೊಂದು ಜೋಡಿಸಿ ನೋಡಿದರು. ಪಯಣದಲ್ಲಿರುವ ಎಳೆಯ ನರಕೋಶಗಳು ಈ ನೀಳ ಎಳೆಗಳನ್ನು ತಬ್ಬಿಕೊಂಡೇ ಸಾಗುವುದು ಆಗ ಕಂಡುಬಂತು. ಅಕ್ಕಪಕ್ಕದಲ್ಲಿ ಬೇರೆ ಎಳೆಗಳು ಎಷ್ಟೇ ಇದ್ದರೂ ಅವು ತಮ್ಮ ಆಸರೆಯನ್ನು ಬಿಡುತ್ತಿರಲಿಲ್ಲ. ಅಡಿಕೆ ಮರವನ್ನು ತಬ್ಬಿ ಮೇಲೇರುವ ಕಾಳುಮೆಣಸಿನ ಬಳ್ಳಿಯನ್ನು ನೋಡಿ ಬೆಳೆದವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ಬಳ್ಳಿಯ ಬೇರು ನೆಲದಲ್ಲೇ ಉಳಿಯುತ್ತದೆ, ನರಕೋಶವೋ ಇಡಿಯಾಗಿ ಮೇಲೆ ಹೋಗಿ, ತುದಿಯಲ್ಲಿ ಆಸರೆಯನ್ನು ಬಿಟ್ಟು ಅಲ್ಲೇ ನೆಲೆಸುತ್ತದೆ. ಈ ನೀಳ ಕೋಶಗಳಿಗೆ ರೇಡಿಯಲ್ ಗ್ಲಯಾ ಎಂಬ ಹೆಸರನ್ನು ರೂಢಿಗೆ ತಂದವರೂ ರಾಕಿಚ್ ಅವರೇ. ಚಕ್ರದ ಗುಂಬದಿಂದ ಹೊರಟ ಅರಗಳಂತೆ ಅವು ಚಾಚಿರುವುದರಿಂದ ಆ ಹೆಸರು.

ಇದರಿಂದ ಒಂದು ಮುಖ್ಯವಾದ ಊಹೆಗೆ ದಾರಿಯಾಯಿತು. ಒಳಗೋಡೆಯ ಒಂದೇ ತಾಣದಲ್ಲಿ ಒಂದಾದ ಮೇಲೊಂದರಂತೆ ಹುಟ್ಟಿದ ಕೋಶಗಳು ಒಂದೇ ಎಳೆಯನ್ನು ಹಿಡಿದು ಏರಿ, ಒಂದರ ಮೇಲೊಂದು ನಿಂತು ಒಂದು ಕಂಬವಾಗುತ್ತವೆ. ಇಡೀ ತೊಗಟೆ ಇಂತಹ ಕಂಬಗಳ ಸಾಲು. 1988ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನದಲ್ಲಿ ರಾಕಿಚ್ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ಕಂಬವೊಂದರಲ್ಲಿ ಎಷ್ಟು ಕೋಶಗಳಿವೆ ಎಂಬುದರಿಂದ ತೊಗಟೆಯ ದಪ್ಪ ತೀರ್ಮಾನವಾಗುತ್ತದೆ. ಕಂಬಗಳ ಸಂಖ್ಯೆಯಿಂದ ಅದರ ವಿಸ್ತಾರ.

ಇಲಿಯಿಂದ ಮನುಷ್ಯನವರೆಗೆ

ಈ ಸಿದ್ಧಾಂತದ ಸೊಗಸು ತಿಳಿಯುವುದು ಪ್ರಾಣಿಗಳ ಮಿದುಳುಗಳನ್ನು ಹೋಲಿಸಿದಾಗ. ಮನುಷ್ಯನ ತೊಗಟೆಯ ವಿಸ್ತಾರ ಇಲಿಯದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ದಪ್ಪವಾದರೋ ಎರಡು ಮೂರು ಪಟ್ಟಿಗಿಂತ ಹೆಚ್ಚಾಗಿಲ್ಲ. ವಿಕಾಸದ ಹಾದಿಯಲ್ಲಿ ಕಂಬಗಳು ಎತ್ತರವಾದದ್ದು ಅಲ್ಪ, ಅವುಗಳ ಸಂಖ್ಯೆ ಬೆಳೆದದ್ದು ಅಪಾರ. ಇದು ಹೇಗಾಯಿತು?

ಒಳಗೋಡೆಯ ಮೂಲಕೋಶಗಳು ಆರಂಭದಲ್ಲಿ ನರಕೋಶಗಳನ್ನು ಹುಟ್ಟಿಸುವುದಿಲ್ಲ. ಒಂದು ಮೂಲಕೋಶ ಎರಡು ಮೂಲಕೋಶಗಳಾಗುತ್ತದೆ, ಎರಡು ನಾಲ್ಕಾಗುತ್ತದೆ. ಈ ಹಂತದಲ್ಲಿ ಹೆಚ್ಚುವುದು ಮುಂದಿನ ಕಂಬಗಳ ಸಂಖ್ಯೆ. ಆಮೇಲೆ ವಿಭಜನೆಯ ರೀತಿ ಬದಲಾಗಿ, ಪ್ರತಿ ಬಾರಿಯೂ ಒಂದು ಮೂಲಕೋಶ ಹಾಗೇ ಉಳಿದು ಇನ್ನೊಂದು ನರಕೋಶವಾಗಿ ಹೊರಡುತ್ತದೆ. ಮೊದಲ ಹಂತ ಕೆಲವು ದಿನ ಹೆಚ್ಚು ನಡೆದರೆ ಸಾಕು. ಒಂದು ಸುತ್ತು ಹೆಚ್ಚಿದರೆ ಕಂಬಗಳು ಇಮ್ಮಡಿ. ಹತ್ತು ಸುತ್ತು ಹೆಚ್ಚಿದರೆ 1,024 ಪಟ್ಟು. ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ತಲುಪಲು ಇಷ್ಟು ಸಾಕೆಂಬುದು ಲೆಕ್ಕದ ಮಟ್ಟಿಗೆ ಬೆರಗು ಹುಟ್ಟಿಸುವ ಸಂಗತಿ.

ಲೆಕ್ಕ ಸರಿಹೋದ ಮಾತ್ರಕ್ಕೆ ಸತ್ಯವಾಗುವುದಿಲ್ಲವಷ್ಟೆ. ರಾಕಿಚ್ ಮತ್ತು ಸಂಗಡಿಗರು 1996 ಹಾಗೂ 1998ರಲ್ಲಿ, ಕೋಶಗಳ ಸಹಜ ಸಾವಿಗೆ ಬೇಕಾದ ಕಿಣ್ವಗಳ ಜೀನ್‌ಗಳನ್ನು ತೆಗೆದುಹಾಕಿದ ಇಲಿಗಳನ್ನು ಪರೀಕ್ಷಿಸಿದರು. ಸಾಯಬೇಕಿದ್ದ ಮೂಲಕೋಶಗಳು ಉಳಿದುಕೊಂಡಾಗ, ಸಹಜವಾಗಿ ನುಣುಪಾಗಿರುವ ಇಲಿಯ ತೊಗಟೆ ಅಗಲಗೊಂಡು ಮಡಿಕೆಬಿದ್ದಿತ್ತು. 2002ರಲ್ಲಿ ಆಂಜೆನ್ ಚೆನ್ ಮತ್ತು ಕ್ರಿಸ್ಟೊಫರ್ ವಾಲ್ಷ್ ಬೇರೊಂದು ದಾರಿಯಿಂದ, ಮೂಲಕೋಶಗಳು ಹೆಚ್ಚು ಬಾರಿ ವಿಭಜನೆಯಾಗುವಂತೆ ಮಾಡಿ, ಇಲಿಯಲ್ಲಿ ಮಡಿಕೆಬಿದ್ದ ತೊಗಟೆಯನ್ನು ಕಂಡರು. ಸಿದ್ಧಾಂತದ ಮೂಲ ಆಶಯಕ್ಕೆ ಇವು ಬಲವಾದ ಸಾಕ್ಷ್ಯಗಳಾದವು.

ತಿದ್ದುಪಡಿಗಳೂ ಬಂದವು. ಎಲ್ಲ ನರಕೋಶಗಳೂ ನೇರವಾಗಿ ಮೇಲೇರುವುದಿಲ್ಲವೆಂದು 1997ರಲ್ಲಿ ಜಾನ್ ರೂಬೆನ್‌ಸ್ಟೈನ್ ಅವರ ತಂಡ ತೋರಿಸಿತು. ಇತರ ಕೋಶಗಳ ಚಟುವಟಿಕೆಗೆ ಕಡಿವಾಣ ಹಾಕುವ ನರಕೋಶಗಳು ಮಿದುಳಿನ ತಳಭಾಗದಲ್ಲಿ ಹುಟ್ಟಿ ಅಡ್ಡಲಾಗಿ ಪಯಣಿಸಿ ತೊಗಟೆಯನ್ನು ಸೇರುತ್ತವೆ. ಅದಕ್ಕಿಂತಲೂ ದೊಡ್ಡ ತಿದ್ದುಪಡಿ 2001ರ ಹೊತ್ತಿಗೆ ಬಂತು. ಕೇವಲ ಆಸರೆಯ ಕಂಬಗಳೆಂದು ತಿಳಿಯಲಾಗಿದ್ದ ರೇಡಿಯಲ್ ಗ್ಲಯಾ ಕೋಶಗಳೇ ವಿಭಜನೆಗೊಂಡು ನರಕೋಶಗಳನ್ನು ಹೆರುತ್ತವೆಂದು ಮ್ಯಾಗ್ಡಲೀನಾ ಗೋಟ್ಸ್, ಆರ್ನಲ್ಡ್ ಕ್ರಿಗ್‌ಸ್ಟೈನ್ ಮೊದಲಾದವರ ತಂಡಗಳು ಸಾಬೀತುಪಡಿಸಿದವು. ದಾರಿ ತೋರುವ ಏಣಿ ಎಂದುಕೊಂಡದ್ದು ಹೆತ್ತ ತಾಯಿಯೂ ಆಗಿತ್ತು. 2010ರಲ್ಲಿ, ಒಳಗೋಡೆಯಿಂದ ದೂರ ಸರಿದು ನಿಂತು ವಿಭಜನೆಗೊಳ್ಳುವ ಇನ್ನೊಂದು ಬಗೆಯ ರೇಡಿಯಲ್ ಗ್ಲಯಾ ಮಾನವ ಭ್ರೂಣದಲ್ಲಿ ಹೇರಳವಾಗಿರುವುದು ತಿಳಿಯಿತು. ಇಲಿಯಲ್ಲಿ ಅವು ತೀರ ವಿರಳ. ಮನುಷ್ಯನ ತೊಗಟೆಯ ಹಿಗ್ಗುವಿಕೆಯನ್ನು ವಿವರಿಸಲು ಇಮ್ಮಡಿಯ ಲೆಕ್ಕದ ಜೊತೆಗೆ ಇವನ್ನೂ ಸೇರಿಸಿಕೊಳ್ಳಬೇಕಾಗಿದೆ.

ತೊಗಟೆಯೊಳಗಿನ ಗಡಿಗಳು

ತೊಗಟೆ ಎಲ್ಲೆಡೆ ಒಂದೇ ತೆರನಾಗಿಲ್ಲ. ಹಿಂಬದಿಯಲ್ಲಿ ದೃಷ್ಟಿಯ ವಲಯ, ಪಕ್ಕದಲ್ಲಿ ಶ್ರವಣದ ವಲಯ, ಮುಂಬದಿಯಲ್ಲಿ ಯೋಜನೆ ಮತ್ತು ಸಂಯಮದ ವಲಯ ಹೀಗೆ ಹಲವು ಸೀಮೆಗಳಿವೆ. ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಈ ವಲಯಗಳಿಗೆ ಸಂಖ್ಯೆ ಕೊಟ್ಟು ನಕ್ಷೆ ಬರೆದರು. ಅದು ಇಂದಿಗೂ ಬಳಕೆಯಲ್ಲಿದೆ. ಪ್ರಶ್ನೆಯೇನೆಂದರೆ, ಈ ಗಡಿಗಳು ಕೋಶಗಳು ನೆಲೆಸುವ ಮೊದಲೇ ಗೆರೆ ಎಳೆದಿಟ್ಟವುಗಳೇ, ಅಥವಾ ನೆಲೆಸಿದ ಮೇಲೆ ಹೊರಗಿನ ವ್ಯವಹಾರದಿಂದ ಮೂಡಿದವುಗಳೇ? 1956ರ ಗೆರೆಗಳ ಆಚೆ ಉಳಿದವರು ಇಂತಹ ಪ್ರಶ್ನೆಯನ್ನು ಬೇರೆ ಅರ್ಥದಲ್ಲಿ ಕೇಳುತ್ತಲೇ ಬಂದಿದ್ದೇವೆ. ಇಲ್ಲಿ ಅದು ಕೋಶಗಳ ವಿಷಯ.

ರಾಕಿಚ್ ಅವರ ಉತ್ತರ ಮೊದಲನೆಯದರ ಕಡೆಗೆ ವಾಲಿತ್ತು. ಒಳಗೋಡೆಯ ಮೂಲಕೋಶಗಳಲ್ಲೇ ಮುಂದಿನ ವಲಯಗಳ ಒಂದು ಕರಡು ನಕ್ಷೆ ಅಡಗಿದೆ. ರೇಡಿಯಲ್ ಎಳೆಗಳು ಆ ನಕ್ಷೆಯನ್ನು ನೆಲೆ ತಪ್ಪದಂತೆ ಹೊರಮೈಗೆ ಸಾಗಿಸುತ್ತವೆ ಎಂದು ಅವರು ವಾದಿಸಿದರು. ಕಣ್ಣುಗಳಿಂದ ಯಾವ ಸಂಕೇತವೂ ಬಾರದಂತೆ ಭ್ರೂಣಾವಸ್ಥೆಯಲ್ಲೇ ತಡೆಯಲಾದ ಕೋತಿಗಳಲ್ಲಿ ದೃಷ್ಟಿವಲಯ ಚಿಕ್ಕದಾಯಿತಾದರೂ ತನ್ನ ವಿಶಿಷ್ಟ ರಚನೆಯನ್ನು ಉಳಿಸಿಕೊಂಡಿತ್ತು. ಕರಡು ಮೊದಲೇ ಇತ್ತು, ಅದರ ಅಂತಿಮ ಅಳತೆಯನ್ನು ಹೊರಗಿನ ಸಂಪರ್ಕ ತೀರ್ಮಾನಿಸಿತು ಎಂಬುದು ಅವರ ವ್ಯಾಖ್ಯಾನ.

ಎದುರುವಾದಕ್ಕೂ ಬಲವಿತ್ತು. ಐಐಟಿ ಕಾನ್ಪುರದಲ್ಲಿ ಓದಿ ಮುಂದೆ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಮೃಗಾಂಕ ಸುರ್, ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಗಳ ಮರಿಗಳಲ್ಲಿ ಕಣ್ಣಿನಿಂದ ಬರುವ ನರಗಳು ಶ್ರವಣದ ಮಾರ್ಗವನ್ನು ಸೇರುವಂತೆ ಮಾಡಿದರು. 1988ರಲ್ಲಿ ಮತ್ತು ಅನಂತರ ಪ್ರಕಟವಾದ ಈ ಪ್ರಯೋಗಗಳಲ್ಲಿ ಶ್ರವಣದ ತೊಗಟೆ ಬೆಳಕಿಗೆ ಸ್ಪಂದಿಸಲು ಕಲಿತಿತ್ತು. 1989ರಲ್ಲಿ ಡೆನ್ನಿಸ್ ಓ'ಲಿಯರಿ, ಆರಂಭದಲ್ಲಿ ತೊಗಟೆ ಎಲ್ಲೆಡೆ ಹೆಚ್ಚುಕಡಿಮೆ ಸಮಾನವಾಗಿದ್ದು ಒಳಬರುವ ನರಗಳೇ ವಲಯಗಳನ್ನು ರೂಪಿಸುತ್ತವೆಂಬ ಪಕ್ಷವನ್ನು ಮಂಡಿಸಿದರು.

ವಿವಾದ ಪಕ್ವವಾದ ರೀತಿ ಮೆಚ್ಚುವಂಥದು. 2000ದಲ್ಲಿ ಅದೇ ಓ'ಲಿಯರಿ ಅವರ ಪ್ರಯೋಗಾಲಯವೇ, ಎಮೆಕ್ಸ್2 ಮತ್ತು ಪ್ಯಾಕ್ಸ್6 ಎಂಬ ಜೀನ್‌ಗಳ ಪ್ರಮಾಣ ಬದಲಾದರೆ ವಲಯಗಳ ಹಂಚಿಕೆಯೇ ಸರಿದುಹೋಗುವುದೆಂದು ತೋರಿಸಿತು. ಮರುವರ್ಷ ಷಿಕಾಗೋದಲ್ಲಿ ಎಲಿಜಬೆತ್ ಗ್ರೋವ್ ಅವರ ತಂಡ, ತೊಗಟೆಯ ಮುಂತುದಿಯಿಂದ ಸ್ರವಿಸುವ ಎಫ್‌ಜಿಎಫ್8 ಎಂಬ ಪ್ರೋಟೀನಿನ ನೆಲೆಯನ್ನು ಬದಲಿಸಿ ಇಲಿಯ ತೊಗಟೆಯ ಗಡಿಗಳನ್ನೇ ಪಲ್ಲಟಗೊಳಿಸಿತು. ಕರಡನ್ನು ಜೀನ್‌ಗಳು ಬರೆಯುತ್ತವೆ, ಒಳಬರುವ ನರಗಳು ಅದನ್ನು ತಿದ್ದಿ ಪೂರ್ಣಗೊಳಿಸುತ್ತವೆ ಎಂಬಲ್ಲಿಗೆ ಎರಡೂ ಪಕ್ಷಗಳು ಹತ್ತಿರ ಬಂದಿವೆ.

ಈ ಅಧ್ಯಾಯದಲ್ಲಿ ಮುಂಬಯಿಗೂ ಒಂದು ಪುಟವಿದೆ. ಗ್ರೋವ್ ಅವರಲ್ಲಿ ತರಬೇತಿ ಪಡೆದ ಶುಭಾ ತೊಳೆ 1999ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಭ್ರೂಣದ ಕೋಶವೊಂದು ತೊಗಟೆಯ ಕೋಶವಾಗಬೇಕೆಂದು ಮೊದಲು ತೀರ್ಮಾನಿಸುವ ಜೀನ್ ಎಲ್‌ಎಚ್‌ಎಕ್ಸ್2 ಎಂಬುದನ್ನು ಅವರ ತಂಡ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ನಿರೂಪಿಸಿತು. ಈ ಜೀನ್ ಇಲ್ಲದ ಕೋಶಗಳು ತೊಗಟೆಯಾಗುವ ಬದಲು, ಪಕ್ಕದ ಕೋಶಗಳನ್ನು ಹಿಪೊಕ್ಯಾಂಪಸ್ ಎಂಬ ನೆನಪಿನ ಭಾಗವಾಗುವಂತೆ ಪ್ರಚೋದಿಸುವ ಅಂಚುಕೋಶಗಳಾಗುತ್ತವೆ. ಈ ಬಗೆಯ ಕೆಲಸಕ್ಕಾಗಿ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಪಯಣ ತಪ್ಪಿದಾಗ

ಕೋಶಗಳ ಈ ವಲಸೆ ಒಮ್ಮೆ ಮಾತ್ರ ನಡೆಯುವಂಥದು. ದಾರಿ ತಪ್ಪಿದ ಕೋಶಕ್ಕೆ ಮರುಪಯಣವಿಲ್ಲ. ರೀಲರ್ ಎಂಬ ತಳಿಯ ಇಲಿಗಳು ತೂರಾಡುತ್ತ ನಡೆಯುತ್ತವೆ. ಅವುಗಳ ತೊಗಟೆಯಲ್ಲಿ ಪದರಗಳ ಕ್ರಮ ಬಹುಮಟ್ಟಿಗೆ ತಲೆಕೆಳಗಾಗಿರುತ್ತದೆ. 1951ರಲ್ಲಿ ವರ್ಣಿತವಾದ ಈ ತಳಿಯ ಕೊರತೆಗೆ ಕಾರಣವಾದ ಜೀನ್ ಪತ್ತೆಯಾದದ್ದು 1995ರಲ್ಲಿ. ಮನುಷ್ಯರಲ್ಲಿ ಕೋಶಗಳು ಅರ್ಧದಾರಿಯಲ್ಲೇ ನಿಂತುಬಿಟ್ಟರೆ ತೊಗಟೆ ಮಡಿಕೆಗಳಿಲ್ಲದೆ ನುಣುಪಾಗಿ ಉಳಿಯುತ್ತದೆ. ಅಂತಹ ಮಕ್ಕಳಿಗೆ ತೀವ್ರ ಬೌದ್ಧಿಕ ವೈಕಲ್ಯವೂ ಅಪಸ್ಮಾರವೂ ಕಾಡುತ್ತವೆ. ಕೆಲವರಲ್ಲಿ ಒಂದಷ್ಟು ಕೋಶಗಳು ಹುಟ್ಟಿದ ಜಾಗವನ್ನೇ ಬಿಡದೆ ಗಂಟುಗಳಾಗಿ ಉಳಿದಿರುತ್ತವೆ. ಬುದ್ಧಿ ಚುರುಕಾಗಿಯೇ ಇದ್ದು, ಹರೆಯದಲ್ಲಿ ಮೊದಲ ಬಾರಿ ಫಿಟ್ಸ್ ಬಂದು ಎಂಆರ್‌ಐ ಮಾಡಿಸಿದಾಗಲಷ್ಟೆ ಅದು ಬೆಳಕಿಗೆ ಬರುವುದುಂಟು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವ, ದೃಷ್ಟಿ ತೆಗೆಸುವ ರೂಢಿ ನಮ್ಮ ಊರುಗಳಿಂದ ಇನ್ನೂ ಪೂರ್ತಿ ಮರೆಯಾಗಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ: ಅದು ಗರ್ಭದಲ್ಲಿ ನಡೆದ ಕೋಶಗಳ ಪಯಣದ ತೊಡಕು. ನರರೋಗ ತಜ್ಞರ ಬಳಿ ಅದಕ್ಕೆ ಔಷಧವಿದೆ.

ಜೀನ್‌ಗಳ ದೋಷವಲ್ಲದೆ ಹೊರಗಿನ ಕಾರಣಗಳೂ ಉಂಟು. ಹಿರೋಷಿಮಾ ಮತ್ತು ನಾಗಸಾಕಿಯಲ್ಲಿ ಬಾಂಬ್ ಬಿದ್ದಾಗ ಗರ್ಭದಲ್ಲಿದ್ದ ಮಕ್ಕಳ ಅಧ್ಯಯನದಲ್ಲಿ, ಎಂಟರಿಂದ ಹದಿನೈದನೆಯ ವಾರದ ನಡುವೆ ವಿಕಿರಣಕ್ಕೆ ಒಳಗಾದವರಲ್ಲೇ ಬೌದ್ಧಿಕ ವೈಕಲ್ಯ ಅತಿ ಹೆಚ್ಚು ಕಂಡುಬಂತು. ಎಂಟು ವಾರಕ್ಕೆ ಮೊದಲು ಒಳಗಾದವರಲ್ಲಿ ಅದು ಕಾಣಲಿಲ್ಲ. ಕೋಶಗಳು ಹುಟ್ಟಿ ಹೊರಡುವ ವಾರಗಳಿಗೂ ಈ ವಾರಗಳಿಗೂ ಇರುವ ಹೊಂದಿಕೆ ಆಕಸ್ಮಿಕವಲ್ಲ. ಗರ್ಭಿಣಿಯು ಸೇವಿಸುವ ಮದ್ಯವೂ ಆಹಾರದಲ್ಲಿನ ತೀವ್ರ ಅಯೋಡಿನ್ ಕೊರತೆಯೂ ಇದೇ ಕೆಲಸಕ್ಕೆ ಅಡ್ಡಬರುತ್ತವೆ.

ಝೀಕಾ ವೈರಸ್ ಇನ್ನೊಂದು ಉದಾಹರಣೆ. ಬ್ರೆಜಿಲಿನಲ್ಲಿ ತಲೆ ತೀರ ಚಿಕ್ಕದಾದ ಶಿಶುಗಳು ಹುಟ್ಟತೊಡಗಿದಾಗ, 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಸ್ಥಿತಿಯನ್ನು ಘೋಷಿಸಿತು. ಈ ವೈರಸ್ ಹೊಕ್ಕು ಹಾಳುಗೆಡಹುವುದು ಭ್ರೂಣದ ಮಿದುಳಿನ ಮೂಲಕೋಶಗಳನ್ನು, ಅಂದರೆ ರಾಕಿಚ್ ಹೆಸರಿಟ್ಟ ರೇಡಿಯಲ್ ಗ್ಲಯಾಗಳನ್ನೂ ಸೇರಿಸಿ. ಝೀಕಾ 2021ರಲ್ಲಿ ಕೇರಳದಲ್ಲಿಯೂ ಮಹಾರಾಷ್ಟ್ರದಲ್ಲಿಯೂ, 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿಯೂ ಪತ್ತೆಯಾಯಿತು. ದೊಡ್ಡವರಿಗೆ ಸಾಮಾನ್ಯವಾಗಿ ಸೌಮ್ಯ ಜ್ವರವಾಗಿ ಕಳೆದುಹೋಗುವ ಈ ಸೋಂಕಿನ ಸುದ್ದಿ ಬಂದೊಡನೆ ಆರೋಗ್ಯ ಕಾರ್ಯಕರ್ತೆಯರು ಮೊದಲು ಗರ್ಭಿಣಿಯರ ಮನೆಗಳನ್ನೇ ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ. ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಇದರ ವಾಹಕ. ನೀರಿನ ತೊಟ್ಟಿ ಮುಚ್ಚಿಡುವ, ಅಡಿಕೆ ಹಾಳೆಯಲ್ಲಿ ನಿಂತ ನೀರು ಚೆಲ್ಲುವ ಕೆಲಸಕ್ಕೆ ಹುಟ್ಟಲಿರುವ ಮಗುವಿನ ಮಿದುಳಿನೊಡನೆ ಸಂಬಂಧವಿದೆ.

ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನ ಬಗ್ಗೆ ಓದುಗರು ಆಗಾಗ ಕೇಳುವ ಸಂದೇಹಕ್ಕೂ ರಾಕಿಚ್ ಅವರ ಒಂದು ಅಧ್ಯಯನಕ್ಕೂ ನಂಟಿದೆ. 2006ರಲ್ಲಿ ಅವರ ತಂಡ, ಗರ್ಭಿಣಿ ಇಲಿಗಳನ್ನು ಒಟ್ಟು 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಲ್ಟ್ರಾಸೌಂಡಿಗೆ ಒಡ್ಡಿದಾಗ ಮರಿಗಳ ಮಿದುಳಿನಲ್ಲಿ ಸಣ್ಣ ಪ್ರಮಾಣದ ನರಕೋಶಗಳು ನೆಲೆ ತಲುಪಲಿಲ್ಲವೆಂದು ವರದಿ ಮಾಡಿತು. ಇಲಿಯ ಭ್ರೂಣದ ಮಿದುಳು ಪುಟ್ಟದು, ಕಿರಣ ಅದನ್ನು ಇಡಿಯಾಗಿ ಆವರಿಸುತ್ತದೆ; ಮಾನವ ಭ್ರೂಣದ ಸ್ಥಿತಿ ಬೇರೆ. ವೈದ್ಯರು ಹೇಳಿದ ಸ್ಕ್ಯಾನಿಂಗನ್ನು ಬಿಡಬಾರದು, ವೈದ್ಯಕೀಯ ಕಾರಣವಿಲ್ಲದೆ ಕೇವಲ ಚಿತ್ರಕ್ಕಾಗಿ ಅದನ್ನು ಮಾಡಿಸಬಾರದು ಎಂಬುದೇ ಲೇಖಕರ ನಿಲುವಾಗಿತ್ತು. ಭ್ರೂಣದ ಲಿಂಗ ತಿಳಿಯಲು ಸ್ಕ್ಯಾನಿಂಗ್ ಮಾಡಿಸುವುದನ್ನು ನಮ್ಮಲ್ಲಿ 1994ರ ಕಾಯಿದೆಯೇ ನಿಷೇಧಿಸಿದೆ.

ಮತ್ತೆ ಹುಟ್ಟುವುದುಂಟೇ?

ರಾಕಿಚ್ ಅವರ ಹೆಸರಿನೊಡನೆ ಒಂದು ದೊಡ್ಡ ವಾಗ್ವಾದವೂ ಹೆಣೆದುಕೊಂಡಿದೆ. ಬೆಳೆದ ಪ್ರಾಣಿಗಳ ಮಿದುಳಿನಲ್ಲಿಯೂ ಹೊಸ ನರಕೋಶಗಳು ಹುಟ್ಟುತ್ತವೆಂದು ಜೋಸೆಫ್ ಆಲ್ಟ್‌ಮನ್ 1960ರ ದಶಕದಲ್ಲೂ ಮೈಕೆಲ್ ಕಪ್ಲಾನ್ 1970ರ ದಶಕದ ಕೊನೆಯಲ್ಲೂ ಹೇಳಿದ್ದರು. 1985ರಲ್ಲಿ ರಾಕಿಚ್, ಬೆಳೆದ ಕೋತಿಗಳಲ್ಲಿ ತಮಗೆ ಅಂತಹ ಕೋಶಗಳು ಕಾಣಲಿಲ್ಲವೆಂದು ಪ್ರಕಟಿಸಿದರು. ಅವರ ಪ್ರಭಾವದಿಂದಾಗಿ ಆ ಕ್ಷೇತ್ರದ ಕೆಲಸ ವರ್ಷಗಟ್ಟಲೆ ಹಿಂದುಳಿಯಿತು ಎಂಬ ಆಕ್ಷೇಪ ಇಂದಿಗೂ ಇದೆ. ಹಿಪೊಕ್ಯಾಂಪಸ್‌ನ ಮಟ್ಟಿಗೆ ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು: ಬೆಳೆದ ಕೋತಿಯ ಆ ಭಾಗದಲ್ಲಿ ಹೊಸ ನರಕೋಶಗಳು ಹುಟ್ಟುವುದನ್ನು 1999ರಲ್ಲಿ ಅವರದೇ ಪ್ರಯೋಗಾಲಯ ಒಪ್ಪಿ ಪ್ರಕಟಿಸಿತು.

ತೊಗಟೆಯ ಪ್ರಶ್ನೆ ಬೇರೆ. 1999ರಲ್ಲಿ ಎಲಿಜಬೆತ್ ಗೋಲ್ಡ್ ಮತ್ತು ಸಂಗಡಿಗರು ಬೆಳೆದ ಕೋತಿಯ ತೊಗಟೆಯಲ್ಲಿಯೂ ಹೊಸ ನರಕೋಶಗಳಿವೆ ಎಂದಾಗ ರಾಕಿಚ್ ಒಪ್ಪಲಿಲ್ಲ. ಅವು ನರಕೋಶಗಳಲ್ಲ, ಅವುಗಳಿಗೆ ಅಂಟಿಕೊಂಡಿರುವ ಇತರ ಕೋಶಗಳೆಂದು 2001ರಲ್ಲಿ ಡೇವಿಡ್ ಕೊರ್ನ್ಯಾಕ್ ಜೊತೆ ವಾದಿಸಿದರು. ತೀರ್ಪಿಗೆ ನೆರವಾದದ್ದು ಯಾರೂ ನಿರೀಕ್ಷಿಸದ ವಸ್ತು. 1950 ಮತ್ತು 60ರ ದಶಕಗಳ ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಒಮ್ಮೆಲೇ ಏರಿ, ಆಮೇಲೆ ಇಳಿಯುತ್ತ ಬಂತು. ಅದು ಗಿಡಗಳ ಮೂಲಕ ಆಹಾರವನ್ನೂ, ಆಹಾರದಿಂದ ಮನುಷ್ಯರ ಡಿಎನ್‌ಎಯನ್ನೂ ಸೇರಿತು. ಕೋಶದ ಡಿಎನ್‌ಎಯಲ್ಲಿರುವ ಆ ಇಂಗಾಲವನ್ನು ಅಳೆದರೆ ಕೋಶ ಹುಟ್ಟಿದ ವರ್ಷ ತಿಳಿಯುತ್ತದೆ. ಸ್ವೀಡನ್ನಿನ ಯೊನಾಸ್ ಫ್ರಿಸೇನ್ ಅವರ ತಂಡ 2006ರಲ್ಲಿ ಹೀಗೆ ಅಳೆದಾಗ, ಮಾನವ ತೊಗಟೆಯ ನರಕೋಶಗಳ ವಯಸ್ಸು ಆ ವ್ಯಕ್ತಿಯ ವಯಸ್ಸಿನಷ್ಟೇ ಎಂದು ತಿಳಿಯಿತು. ಎಂಬತ್ತರ ಅಜ್ಜಿಯ ತೊಗಟೆಯ ನರಕೋಶಗಳಿಗೂ ಎಂಬತ್ತು.

ಹುಟ್ಟಿದ ಮೇಲೆ

ಕೋಶಗಳ ಸಂಖ್ಯೆ ಮುಗಿದ ಲೆಕ್ಕವಾದರೂ ಅವುಗಳ ನಡುವಣ ಸಂಪರ್ಕಗಳ ಲೆಕ್ಕ ಹಾಗಲ್ಲ. ರಾಕಿಚ್ ಮತ್ತು ಅವರ ಪತ್ನಿ, ಮುಂಭಾಗದ ತೊಗಟೆಯ ಅಧ್ಯಯನದಲ್ಲಿ ತಮ್ಮದೇ ಹಿರಿಮೆ ಗಳಿಸಿದ್ದ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಚ್, ಸಂಗಡಿಗರೊಡನೆ 1986ರಲ್ಲಿ ಕೋತಿಯ ತೊಗಟೆಯ ಬೇರೆ ಬೇರೆ ವಲಯಗಳಲ್ಲಿ ಸಿನಾಪ್ಸ್‌ಗಳನ್ನು, ಎಂದರೆ ಕೋಶದಿಂದ ಕೋಶಕ್ಕೆ ಸಂಕೇತ ದಾಟುವ ಸಂಧಿಗಳನ್ನು, ಎಣಿಸಿದರು. ಜನನದ ನಂತರದ ಮೊದಲ ತಿಂಗಳುಗಳಲ್ಲಿ ಎಲ್ಲ ವಲಯಗಳಲ್ಲೂ ಅವು ಅಗತ್ಯಕ್ಕಿಂತ ಬಹಳ ಹೆಚ್ಚಾಗಿ ಹುಟ್ಟಿ, ಅನಂತರ ಕ್ರಮೇಣ ಕಡಿಮೆಯಾದವು. ಪೈರು ಒತ್ತಾಗಿ ಬಿತ್ತಿ ಆಮೇಲೆ ತೆಳುಮಾಡಿದ ಹಾಗೆ. ಪೆಟ್ರೀಷಿಯಾ 2003ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 2011ರಲ್ಲಿ ರಾಕಿಚ್ ಮತ್ತು ಕ್ರೊವೇಷಿಯಾದ ಸಂಶೋಧಕರು ಮಾನವ ಮಿದುಳುಗಳನ್ನು ನೋಡಿ, ಮುಂಭಾಗದ ತೊಗಟೆಯಲ್ಲಿ ಈ ತೆಳುಮಾಡುವ ಕೆಲಸ ಇಪ್ಪತ್ತರ ಹರೆಯವನ್ನು ದಾಟಿಯೂ ನಡೆಯುತ್ತಿರುತ್ತದೆಂದು ವರದಿ ಮಾಡಿದರು.

ಭಾಷೆಯ ವಿಷಯದಲ್ಲಿ ಇದಕ್ಕೆ ಸಮಾನಾಂತರವಾದ ಒಂದು ಸಂಗತಿಯಿದೆ. 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳು ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹಳ ಕುಗ್ಗಿತ್ತು. ಆ ಧ್ವನಿಗಳನ್ನು ದಿನವೂ ಕೇಳುವ ಮನೆಯ ಮಕ್ಕಳಲ್ಲಿ ಅದು ಉಳಿಯಿತು. ಸಿನಾಪ್ಸ್‌ಗಳ ಇಳಿಕೆಯೇ ಇದಕ್ಕೆ ನೇರ ಕಾರಣವೆಂದು ಹೇಳುವುದು ಅವಸರವಾದೀತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ಕೇಳುತ್ತ ಬೆಳೆಯುವ ನಮ್ಮ ಮಕ್ಕಳು ಎರಡೂ ನುಡಿಗಳ ಧ್ವನಿಗಳನ್ನು ಉಳಿಸಿಕೊಳ್ಳುವುದನ್ನಂತೂ ನಾವು ಕಂಡೇ ಬಲ್ಲೆವು.

2008ರಲ್ಲಿ ನಾರ್ವೆಯ ಕಾವ್ಲಿ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟಾಗ, ನರವಿಜ್ಞಾನ ವಿಭಾಗದಲ್ಲಿ ರಾಕಿಚ್ ಅದನ್ನು ಥಾಮಸ್ ಜೆಸೆಲ್ ಮತ್ತು ಸ್ಟೆನ್ ಗ್ರಿಲ್ನರ್ ಜೊತೆ ಹಂಚಿಕೊಂಡರು.

ಅವರು ಕೋತಿಗಳಲ್ಲಿ ಕಂಡ ಹಂತಗಳನ್ನು ಮಾನವ ಭ್ರೂಣದಲ್ಲೇ ಕೋಶಮಟ್ಟದಲ್ಲಿ ನೋಡುವ ಕೆಲಸ ಈಗ ಚೆನ್ನೈನಲ್ಲಿ ನಡೆಯುತ್ತಿದೆ. ಐಐಟಿ ಮದ್ರಾಸಿನ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ 2024ರ ಡಿಸೆಂಬರಿನಲ್ಲಿ 'ಧರಣಿ' ಎಂಬ ಭ್ರೂಣ ಮಿದುಳಿನ ನಕ್ಷೆಯನ್ನು ಬಿಡುಗಡೆ ಮಾಡಿತು. ಗರ್ಭಾವಧಿಯ ನಡುವಣ ತಿಂಗಳುಗಳ ಮಿದುಳುಗಳ 5,132 ಸೀಳುಗಳ ಚಿತ್ರಗಳು ಅದರಲ್ಲಿವೆ. ರಾಕಿಚ್ ಅವರ 1972ರ ಲೇಖನ ಪ್ರಕಟವಾದ ಪತ್ರಿಕೆಯಲ್ಲೇ ಈ ಕೆಲಸದ ವಿವರಗಳೂ ಪ್ರಕಟವಾದವು. ನಕ್ಷೆ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿದೆ.